ಹೋಸಿಯತ್ ಉಳಿಸಿಕೊಂಡ ಅರ್ಧ ಹಲ್ಲು

ಅಂಗಳ ಗುಡಿಸಿ ನೀರು ಚಿಮುಕಿಸುವುದು, ಬಾಗಿಲಾಚೆಯ ಬೀದಿಯನ್ನೂ ಗುಡಿಸುವುದು, ಹಸು ಕರೆಯುವುದು, ತಂದೂರಿಗೆ ಬೆಂಕಿ ಹಾಕಿ ರೊಟ್ಟಿ ಸುಡುವುದು, ಅತ್ತೆಮಾವ ಏಳುವಷ್ಟರಲ್ಲಿ ಹಸಿರು ಚಹಾ ಇಳಿಸುವುದು. ಇವುಗಳ ನಡುವೆ ಜರ್ದಾಳು ಬೀಜ ಒಡೆಯುವುದು. ಉಜ್ಬೇಕಿಸ್ತಾನದ ಮರ್ಗಿಲಾನ್ ಊರಿನ ನಮ್ಮ ಓಣಿಯ ಸೊಸೆಯರು ಬೆಳಕು ಹರಿಯುವ ಮುಂಚೆ ಮಾಡುವ ಕೆಲಸಗಳಿವು. ಸುತ್ತಿಗೆಯ ಸದ್ದಿಗೆ ಮಾವನ ನಿದ್ದೆ ಕೆಡುತ್ತದೆಂದು ಪಕ್ಕದ ಮನೆಯ ಹೋಸಿಯತ್ ಹನ್ನೆರಡು ವರ್ಷ ಆ ಬೀಜಗಳನ್ನು ಬಲದವಡೆಯಲ್ಲಿ ಕಡಿದೇ ಒಡೆದಳು. ತಿರುಳು ಮಾವನ ತಟ್ಟೆಗೆ ಹೋಗುತ್ತಿತ್ತು.

ಈ ವರ್ಷ ಒಂದು ಬೀಜದ ಜೊತೆ ದವಡೆ ಹಲ್ಲೂ ಸೀಳಿತು. ಹದಿನೈದು ದಿನ ಅವಳು ಯಾರಿಗೂ ಹೇಳಲಿಲ್ಲ. ಅವಳ ತಾಯಿ ನಲವತ್ತಕ್ಕೇ ಹಲ್ಲೆಲ್ಲ ಕೀಳಿಸಿಕೊಂಡು, ರೊಟ್ಟಿಯನ್ನು ಚಹಾದಲ್ಲಿ ಅದ್ದಿ ನುಂಗುತ್ತಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ತಾಯಿಗೂ ಮೊದಲು ಹೋದದ್ದು ಇದೇ ಹಲ್ಲು. ಕೆನ್ನೆ ಊದಿಕೊಂಡ ಮೇಲೆ ಅತ್ತೆ ಸಲೋಮತ್ ದವಾಖಾನೆಗೆ ಕರೆದೊಯ್ದಳು. ಹೋಸಿಯತ್ ನನ್ನ ಕೈ ಬಿಡಲಿಲ್ಲ, ನಾನೂ ಹೋದೆ.

“ಕಿತ್ತುಬಿಡಿ ಡಾಕ್ಟ್ರಮ್ಮ, ಬಾಯಲ್ಲಿ ಇನ್ನೂ ಬೇಕಾದಷ್ಟಿವೆ,” ಎಂದಳು ಸಲೋಮತ್.

ಡಾಕ್ಟರ್ ಮುಯಸ್ಸರ್ ಎಕ್ಸ್‌ರೇ ಹಿಡಿದು ತೋರಿಸಿದಳು. “ಇದಕ್ಕೆ ಎರಡು ಬೇರು. ಸೀಳಿರೋದು ಹಿಂದಿನದು ಮಾತ್ರ. ಊತ ಇಳಿದ ಮೇಲೆ ಮುಂದಿನದರ ನರ ತೆಗೆದು ತುಂಬಿ, ಹಲ್ಲನ್ನ ನಡುವೆ ಕೊಯ್ದು ಹಿಂದಿನ ಅರ್ಧ ತೆಗೀತೀನಿ. ಉಳಿದ ಅರ್ಧಕ್ಕೆ ಪಕ್ಕದ ಹಲ್ಲಿನ ಆಸರೆ ಕೊಟ್ಟು ಮೇಲೆ ಟೋಪಿ ಥರದ ಕವಚ ಕೂರಿಸಬಹುದು. ಉಳಿದೇ ಉಳಿಯುತ್ತೆ ಅಂತ ಆಣೆ ಇಡಲ್ಲ. ಗಟ್ಟಿ ಪದಾರ್ಥ ಮಾತ್ರ ಇನ್ನು ಕಡಿಯೋ ಹಾಗಿಲ್ಲ.”

“ಹಾಗಾದ್ರೆ ಬೀಜ ಒಡೆಯೋರು ಯಾರು?”

“ನಿಮಗೂ ಹಲ್ಲಿದಾವಲ್ಲ ಅಜ್ಜಿ, ಚಿನ್ನದ್ದೇ.”

ಸಲೋಮತ್ ಸೊಸೆಯತ್ತ ತಿರುಗಿದಳು.

“ಉಳಿಸಿ,” ಎಂದಳು ಹೋಸಿಯತ್. ನನಗಷ್ಟೇ ಕೇಳಿಸಿತೇನೋ, ಮತ್ತೊಮ್ಮೆ ಹೇಳಿದಳು.

ಕೊಯ್ಯುವ ದಿನ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಅವಳನ್ನು ಕುರ್ಚಿಯಲ್ಲಿ ಒರಗಿಸಿದರು. ನೋವಿರಲಿಲ್ಲ. ತಲೆಬುರುಡೆಯೊಳಗೆ ಕೊರೆಯುವ ಸದ್ದು, ಸುಟ್ಟ ವಾಸನೆ. ಜೊತೆಗೆ ಇನ್ನರ್ಧವೂ ಕಿತ್ತು ಬಂದರೆ ಎಂಬ ಭಯ. ತಟ್ಟೆಗೆ ಟಣ್ಣನೆ ಏನೋ ಬಿದ್ದಾಗ ಕಣ್ಣು ಬಿಗಿದುಕೊಂಡಳು. ಬಿದ್ದದ್ದು ಅರ್ಧವೇ. ಟೋಪಿ ಕೂರಿಸಿದ ಮೇಲೂ ಎಚ್ಚರವಾದಾಗಲೆಲ್ಲ ನಾಲಿಗೆ ಮೊದಲು ಅಲ್ಲಿಗೇ ಹೋಗುತ್ತಿತ್ತಂತೆ.

ಒಂದು ದಿನ ಬೀಜದ ಬಟ್ಟಲು ಮತ್ತೆ ಒಲೆಯ ಪಕ್ಕಕ್ಕೆ ಬಂತು. ಇನ್ನೂ ಕತ್ತಲೆ. ಒಂದು ಬೀಜವನ್ನು ಎಡದವಡೆಗೆ ಇಟ್ಟುಕೊಂಡಳು. ಎಡಗಡೆ ಎಲ್ಲ ಗಟ್ಟಿಯಿದ್ದವು. ಕಚ್ಚಲಾಗಲಿಲ್ಲ. ಉಗಿದು, ಒರೆಸಿ, ಹೊಸ್ತಿಲ ಕಲ್ಲಿನ ಮೇಲಿಟ್ಟಳು. ಮಾವನ ಕಿಟಕಿಯತ್ತ ಒಮ್ಮೆ ನೋಡಿ ಸುತ್ತಿಗೆ ಎತ್ತಿದಳು.

ಆ ಸದ್ದಿಗೆ ಗೋಡೆಯಾಚೆ ನನಗೆ ಎಚ್ಚರವಾಯಿತು.