ಮಂಜಿನಲ್ಲಿ ‘ಎಡಕ್ಕೆ’ ಎಂದವರು ಯಾರು?

ದೆವ್ವ, ಶಕುನ, ಅಶರೀರವಾಣಿ ಎಂದರೆ ನಗುವವರ ಪೈಕಿ ನಾನು. ಅವ್ವ ಗದಗಿನಿಂದ ಕಳಿಸಿದ ತಾಯತವನ್ನು ಬೀಗದ ಕೈಗೆ ಕಟ್ಟಿಕೊಂಡವಳು. ಅಂಥವಳು ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ಯಲಹಂಕದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ನಂಜುಂಡಪ್ಪ ಮೇಷ್ಟ್ರು ಇದ್ದಾರೆ. ಲೇತ್ ಕೆಲಸ ಕಲಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು. ಅರವತ್ತಕ್ಕೆ ಈಜು ಕಲಿತರು, ಆಮೇಲೆ ಉರ್ದು ಓದಲು ಕಲಿತರು, ಸೈಕಲ್ಲಿನಲ್ಲೇ ಲಡಾಖಿಗೆ ಹೋಗಿಬಂದರು. ಈಗ ಮೂರನೇ ಕ್ಲಾಸಿನ ಮಕ್ಕಳ ಜೊತೆ ಕೂತು ತಬಲಾ ಕಲಿಯುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆ ಮತ್ತು ಕಾಲೇಜಿನ ಆಫೀಸು ಬಿಟ್ಟು ಎಲ್ಲಿಗೂ ಹೋಗದಿದ್ದ ನನ್ನನ್ನು ನಲವತ್ತಾರನೇ ವಯಸ್ಸಿನಲ್ಲಿ ಸೈಕಲ್ ಹತ್ತಿಸಿದ ಪುಣ್ಯಾತ್ಮರು ಅವರೇ.

ಅವರ ಪಾಠಕ್ಕೆ ಒಂದೇ ನಿಯಮ. ಕಲಿಯುವವರು ಮುಂದೆ, ಅವರು ಹಿಂದೆ. ‘ಎಡಕ್ಕೆ’ ಎಂದರೆ ತಿರುಗಿ ನೋಡದೆ ಎಡಕ್ಕೆ ಸರಿಯಬೇಕು. ಯಾಕೆ ಎಂದು ಆಮೇಲೆ ಕೇಳಬೇಕು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ರಾಜಾನುಕುಂಟೆಯ ಕಡೆ ಹೊರಟಿದ್ದೆವು. ದಟ್ಟ ಮಂಜು. ಕಿವಿಯ ಹತ್ತಿರವೇ ‘ಎಡಕ್ಕೆ’ ಎಂದು ಕೇಳಿಸಿತು. ಮೇಷ್ಟ್ರದ್ದೇ ದನಿ. ಹ್ಯಾಂಡಲ್ ಎಳೆದು ಮಣ್ಣಿಗೆ ಇಳಿದೆ. ಅಷ್ಟರಲ್ಲಿ ಹಿಂದಿನಿಂದ ದೀಪವಿಲ್ಲದ ಟಿಪ್ಪರ್ ಲಾರಿಯೊಂದು ನಾನಿದ್ದ ಜಾಗದ ಮೇಲೇ ಹಾದುಹೋಯಿತು. ಮನೆಯಲ್ಲಿ ಮಲಗಿದ್ದ ಮಗಳು ನೆನಪಾದಳು. ತಿರುಗಿ ನೋಡಿದರೆ ಮೇಷ್ಟ್ರು ಇರಲಿಲ್ಲ. ಫೋನ್ ಮಾಡಿದೆ. ಟೈರ್ ಪಂಕ್ಚರ್ ಆಗಿ ಅವರು ಎರಡು ಕಿಲೋಮೀಟರ್ ಹಿಂದೆಯೇ ಉಳಿದಿದ್ದರು.

ಹೇಳಿದರೆ ಅವರು ನಗಲಿಲ್ಲ, ದೇವರು ದೊಡ್ಡವನು ಎಂದೂ ಅನ್ನಲಿಲ್ಲ. ಮೂರು ದಿನ ಅದೇ ಜಾಗಕ್ಕೆ ಕರೆದೊಯ್ದು, ಬೇರೆ ಬೇರೆ ದೂರದಿಂದ ಕೂಗಿ, ನನಗೆ ಕೇಳಿಸಿತೋ ಇಲ್ಲವೋ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪಕ್ಕದ ತೋಟದವರನ್ನು ವಿಚಾರಿಸಿದರು. ಯಾರೂ ಕೂಗಿರಲಿಲ್ಲ. ಕೊನೆಗೆ ‘ಗೊತ್ತಾಗಲಿಲ್ಲ’ ಎಂದು ಬರೆದು ಕೆಳಗೆ ಸಹಿ ಹಾಕಿದರು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆಫೀಸಿನಲ್ಲೂ ಕಿವಿ ಬೆನ್ನ ಹಿಂದೆಯೇ. ಸೈಕಲ್ ಮುಟ್ಟಲು ಭಯ. ಒಂದು ಸಂಜೆ ಮೆಟ್ಟಿಲಲ್ಲಿ ಅವರನ್ನು ತಡೆದು ಅಂಗಲಾಚಿದೆ.

“ನೀವೇ ಕೂಗಿದ್ದು ಅಂತ ಒಂದ್ಸಲ ಹೇಳಿಬಿಡ್ರಿ ಸರ್. ಸುಳ್ಳಾದ್ರೂ ನಡೀತದ.”

“ಹೇಳ್ಬಹುದು ಕಣಮ್ಮ. ಆದ್ರೆ ಆಮೇಲೆ ಜನ್ಮಪೂರ್ತಿ ನನ್ನ ದನಿಗೇ ಕಾಯ್ತೀರ. ಒಬ್ರೇ ಹೋಗೋದು ಯಾವಾಗ?”

ಸಿಟ್ಟು ನೆತ್ತಿಗೇರಿತು. ಒಂದು ವಾರ ಅವರನ್ನು ಮಾತಾಡಿಸಲಿಲ್ಲ. ಎಂಟನೇ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಒಬ್ಬಳೇ ಹೊರಟೆ. ಆ ಜಾಗದಲ್ಲಿ ಇಳಿದು ಬಹಳ ಹೊತ್ತು ನಿಂತೆ. ಏನೂ ಕೇಳಿಸಲಿಲ್ಲ. ರಾಜಾನುಕುಂಟೆ ಮುಟ್ಟಿ ವಾಪಸ್ ಬಂದಾಗ ಮೇಷ್ಟ್ರು ಗೇಟಿನಲ್ಲೇ ನಿಂತಿದ್ದರು. ಧೈರ್ಯ ಬಂತಲ್ಲ ಎಂದು ಮಗುವಿನಂತೆ ಖುಷಿಪಟ್ಟರು.

ಕೂಗಿದ್ದು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಮಾತನ್ನು ಮಾತ್ರ ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಅವತ್ತು ನಾನು ಒಬ್ಬಳೇ ಹೋಗಿದ್ದು ಧೈರ್ಯದಿಂದಲ್ಲ, ಆ ದನಿ ಇನ್ನೊಂದು ಸಲ ಕೇಳಿಸೀತು ಎಂಬ ಆಸೆಯಿಂದ.