ಕಾಯಿ ಒಡೆದ ನಾಸ್ತಿಕ

ಮೊನ್ನೆ ಕುರೆಕುಪ್ಪದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ತಳ್ಳುಗಾಡಿಯವನ ಬಾಣಲೆಯಿಂದ ಬಿಸಿ ಮಿರ್ಚಿ ಬಜ್ಜಿಯ ವಾಸನೆ ಬಂತು. ಹಸಿವಿಗಿಂತ ಮೊದಲು ನೆನಪಾದವರು ಹೊಸಪೇಟೆಯ ನಮ್ಮ ಪಕ್ಕದ ಮನೆಯ ಮಾಸ್ತರು.

ನಿವೃತ್ತರಾದ ಮೇಲೆ ಅವರ ಮಾಳಿಗೆಯಲ್ಲಿ ಭಾನುವಾರ ಸಂಜೆ ನಾಲ್ಕಾರು ನಾಸ್ತಿಕರು ಸೇರುತ್ತಿದ್ದರು. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ, ಜೊತೆಗೆ ಜಗಳ. ಜಗಳ ದೇವರ ಬಗ್ಗೆ ಅಲ್ಲ, ನಾಸ್ತಿಕ ಅಂದರೆ ಯಾರು ಅನ್ನುವುದರ ಬಗ್ಗೆ. ದೇವರಿಲ್ಲವೆಂದು ಎದೆ ತಟ್ಟಿ ಹೇಳುವವನೇ ನಾಸ್ತಿಕ ಎಂದು ಅವರ ಗೆಳೆಯ ವಕೀಲರ ವಾದ. ನಂಬಿಕೆ ಇಲ್ಲದಿದ್ದರೆ ಸಾಕು, ಇಲ್ಲವೆಂದು ಸಾಧಿಸುವ ಉಸಾಬರಿ ನನಗ್ಯಾಕೆ ಎಂದು ಮಾಸ್ತರು. "ಇದು ಅಡ್ಡಗೋಡಿ ಮ್ಯಾಲ ದೀಪ ಇಟ್ಟಂಗಾತು ನೋಡ್ರಿ!" ಎಂದು ವಕೀಲರು ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಗುಡುಗುತ್ತಿದ್ದರು. ಆಗಷ್ಟೇ ಡಿಗ್ರಿ ಮುಗಿಸಿದ್ದ ನಾನು ವಕೀಲರ ಪಕ್ಷ. ಆ ವಯಸ್ಸಿಗೆ ಜೋರು ದನಿಯೇ ಸರಿ ಅನಿಸುತ್ತಿತ್ತು...

ಅದೇ ವರ್ಷ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಆಪರೇಷನ್ ಬೇಗ ಆಗಬೇಕು ಅಂದರು ಡಾಕ್ಟರು. ಅವ್ವ ಹಟ ಹಿಡಿದಳು. ನಮ್ಮ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ಮನೆಯ ಗಂಡಸು ಹಂಪಿಗೆ ಹೋಗಿ ಕಾಯಿ ಒಡೆದು ಬರುವ ಪದ್ಧತಿ. ಅಪ್ಪ ತೀರಿಕೊಂಡ ಮೇಲೆ ಆ ಪಾಳಿ ನನ್ನದು. "ನೀ ಕಾಯಿ ಒಡದು ಬಾ. ಆಮ್ಯಾಲ ಎಲ್ಲಿ ಬೇಕಾದ್ರೂ ಕೊಯ್ಲಿ," ಅಂದಳು.

ಒಡೆಯಲೋ ಬೇಡವೋ ಎಂದು ಭಾನುವಾರ ಮಾಳಿಗೆಯಲ್ಲಿ ಕೇಳಿದೆ. "ಒಡದ್ರ ನೀ ನಮ್ಮವನಲ್ಲ," ಅಂದುಬಿಟ್ಟರು ವಕೀಲರು. ಒಬ್ಬರು ಒಡೆಯಬಹುದು, ಕೈ ಮುಗಿಯಬಾರದು ಅಂದರು. ಇನ್ನೊಬ್ಬರು ಹಿತ್ತಲಲ್ಲಿ ಒಡೆದರೆ ಅಡುಗೆ, ಗುಡಿಯಲ್ಲಿ ಒಡೆದರೆ ಪೂಜೆ ಅಂದರು. ಮಡಿವಂತರ ಮನೆಯಲ್ಲೂ ಇಷ್ಟು ಕಟ್ಟುಪಾಡು ನಾನು ಕಂಡಿರಲಿಲ್ಲ. ಕೆಳಗೆ ನಮ್ಮ ಮನೆಯಲ್ಲಿ ಅವ್ವ ನರಳುವುದು ಅಲ್ಲಿಗೂ ಕೇಳುತ್ತಿತ್ತು. ನನಗೆ ಅಳು ಬಂತು.

ಮಾಸ್ತರು ಎದ್ದು ಚಪ್ಪಲಿ ಮೆಟ್ಟಿದರು. "ಲೇ, ಕಾಯಿ ಒಡದ್ರ ನಂಬಿಕಿ ಹುಟ್ಟತೈತೇನು? ಹುಟ್ಟಿದ್ರ ಬಂದು ಹೇಳು, ನಾನೂ ಒಂದು ಒಡೀತೀನಿ. ನಡಿ, ಹಂಪಿ ಬಸ್ಸೈತಿ ಈಗ."

ಗುಡಿಯ ಮುಂದಿನ ಅಂಗಡಿಯಲ್ಲಿ ಅವರೇ ಕಾಯಿಗಳನ್ನು ಅಲ್ಲಾಡಿಸಿ, ನೀರಿನ ಸದ್ದು ಕೇಳಿ ಒಂದನ್ನು ಆರಿಸಿದರು. ತಾವು ಹೊರಗೇ ನಿಂತರು. ನಾನು ಒಳಗೆ ಹೋಗಿ ಒಡೆದೆ. ನೀರು ಕಾಲ ಮೇಲೆ ಚೆಲ್ಲಿತು. ನಂಬಿಕೆಯೇನೂ ಹುಟ್ಟಲಿಲ್ಲ. ಎಷ್ಟೋ ದಿನದ ಭಾರ ಮಾತ್ರ ಇಳಿದುಹೋಯಿತು... ಹೊರಗೆ ಬಂದು ನಕ್ಕುಬಿಟ್ಟೆ, ಅವರೂ ನಕ್ಕರು.

ಆಪರೇಷನ್ ಆಯಿತು, ಅವ್ವ ಉಳಿದಳು. ನನ್ನೊಡನೆ ಮಾತು ಬಿಟ್ಟಿದ್ದ ವಕೀಲರು ಆಮೇಲೆ ಅವಳನ್ನು ನೋಡಲು ಬಂದು ಹೊಟ್ಟೆ ತುಂಬ ಉಂಡು ಹೋದರು. ಮಾಸ್ತರು ತೀರಿಕೊಂಡು ಈಗ ಬಹಳ ವರ್ಷಗಳಾದವು.

ಮೊನ್ನೆ ಆ ಬಸ್ಸಿಳಿದು ಮನೆಗೆ ಬಂದಾಗ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಮಗಳು ಇದ್ದಕ್ಕಿದ್ದಂತೆ, "ಅಪ್ಪಾ, ನೀ ದೇವರನ್ನ ನಂಬ್ತೀಯೇನು?" ಅಂದಳು. ಅವ್ವನ ಎದುರು ಇಷ್ಟು ವರ್ಷ ಆಡದೇ ಇದ್ದ ಮಾತು.

"ಇಲ್ಲ ಮಗಳ," ಅಂದೆ.

ಅವ್ವ ತಲೆ ಎತ್ತಲಿಲ್ಲ. "ಅದು ನನಗ ಆವಾಗ್ಲೇ ಗೊತ್ತಿತ್ತು. ಆದ್ರೂ ನನ್ನ ಸಲುವಾಗಿ ಹೋಗಿ ಬಂದ್ಯಲ್ಲ, ಅದಕ್ಕ ಧೈರ್ಯ ಬಂತು ನನಗ."

ಇದನ್ನು ಮಾಸ್ತರಿಗೆ ಹೇಳಬೇಕು ಅಂತ ಬಾಗಿಲವರೆಗೆ ಹೋದೆ... ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ.