ಮೀನು ಬಿಟ್ಟ ಹರಕೆ, ಮೀನೇ ಮದ್ದು

ಯುದ್ಧದ ಕಾಲ. ಘಾಟಿ ಮೇಲಿನ ಊರಿಗೆ ಮದುವೆಯಾಗಿ ಹೋದ ತಂಗಿ ಗುಲಾಬಿ, ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಬಾವು ಹೊತ್ತು ಹೆಮ್ಮಾಡಿಯ ನಮ್ಮ ಮನೆಗೆ ಬಂದಿದ್ದಳು. ಡಾಕ್ಟರು ಕತ್ತಿ ಹಾಕಿದರೆ ತಾನು ಉಳಿಯುವುದಿಲ್ಲ ಎಂದು ಅವಳ ಹೆದರಿಕೆ. ಬೈದು, ಪುಸಲಾಯಿಸಿ, ಒಂದು ಬೆಳಿಗ್ಗೆ ಅವಳನ್ನು ಕುಂದಾಪುರದ ದೋಣಿ ಹತ್ತಿಸಿದೆ. ಹೊಳೆ ಶಾಂತವಾಗಿತ್ತು, ಅವಳು ಮಾತ್ರ ದಡ ಮುಟ್ಟುವವರೆಗೆ ದೇವರ ಹೆಸರು ಹೇಳುತ್ತಿದ್ದಳು.

ಡಾಕ್ಟರು ಗಂಟಲು ಮುಟ್ಟಿ, ನೀರು ನುಂಗಿಸಿ ನೋಡಿ, ಕತ್ತಿ ಬೇಡ ಎಂದರು. ಗಂಟಲಿನ ಗ್ರಂಥಿಗೆ ಅಯೋಡಿನ್ ಎಂಬ ಖನಿಜ ಬೇಕಂತೆ, ಅದೂ ದಿನಕ್ಕೆ ಸಾಸಿವೆ ಕಾಳಿಗಿಂತ ಕಡಿಮೆ. ಘಾಟಿ ಮೇಲಿನ ಮಣ್ಣಿನಿಂದ ಮಳೆ ಅದನ್ನು ತೊಳೆದುಬಿಟ್ಟಿದೆ. ಕಡಲ ಮೀನಿನಲ್ಲಿ ಬೇಕಾದಷ್ಟಿದೆ. ಅಯೋಡಿನ್ನಿನ ಹನಿಮದ್ದು ಯುದ್ಧದಿಂದಾಗಿ ಬರುತ್ತಿಲ್ಲ, ದಿನಾ ಮೀನು ತಿನ್ನಲಿ ಎಂದರು. ಮೀನು ಮಾರುವ ಮನೆಯವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಉಂಟೇ? ನಾನು ಹಿಗ್ಗಿದೆ. ಗುಲಾಬಿ ತಲೆ ತಗ್ಗಿಸಿದಳು.

“ಬಾವು ಇಳೂವರಿಗೆ ಮೀನ್ ಮುಟ್ಟುದಿಲ್ಲ ಅಂದ್ ಶಂಕರನಾರಾಯಣ ದೇವ್ರಿಗೆ ಹರ್ಕಿ ಹೊತ್ಕಂಡೆ,” ಎಂದಳು.

ಗಂಡನ ಮನೆಗೆ ಅಮ್ಮ ಕಳಿಸಿದ ಒಣಮೀನನ್ನೆಲ್ಲ ಮಹಾರಾಯ್ತಿ ನೆರೆಮನೆಗೆ ಕೊಟ್ಟಿದ್ದಳಂತೆ! ನನಗೆ ಸಿಟ್ಟೂ ಬಂತು, ನಗುವೂ ಬಂತು. ಹರಕೆ ಮುರಿದರೆ ದೇವರು ಮುನಿದು ಬಾವು ಇನ್ನೂ ಏರುತ್ತದೆ ಎಂದು ಅವಳ ಹಟ. ಆ ರಾತ್ರಿ ಕುಂದಾಪುರದಲ್ಲೇ ನೆಂಟರ ಮನೆಯಲ್ಲಿ ಉಳಿದೆವು. ಅಲ್ಲಿಯೂ ಅವಳು ಬರೀ ಗಂಜಿ, ಉಪ್ಪಿನಕಾಯಿ.

ಹರಕೆ ಬಿಡಿಸುವ ದಾರಿ ಕೇಳೋಣವೆಂದು ಮರುದಿನ ತಲೆಗೆ ಆರಾಣೆ ಕೊಟ್ಟು, ಆ ದೇವರ ಊರಾದ ಶಂಕರನಾರಾಯಣದ ಬಸ್ಸು ಹಿಡಿದೆವು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು; ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ದುಡ್ಡು ಕೊಟ್ಟು ಕೂಲಿ ಮಾಡಿದಂತಾಯಿತು.

ದೇವಸ್ಥಾನದ ಅರ್ಚಕರು ಕೋಟದ ಕಡೆಯ ವೃದ್ಧರು. ಮೀನಿನ ವಾಸನೆಯನ್ನೇ ಅರಿಯದ ಆ ಪುಣ್ಯಾತ್ಮರ ಬಾಯಿಂದ ಮೀನು ತಿನ್ನು ಎಂದು ಹೇಳಿಸುವುದು ಹೇಗೆ? ನಾನು ತಡವರಿಸುತ್ತ ಎಲ್ಲವನ್ನೂ ಅರಿಕೆ ಮಾಡಿದೆ. ಅವರು ಗುಲಾಬಿಯತ್ತ ತಿರುಗಿದರು.

“ಮದ್ದ್ ಬಿಡ್ ಅಂದ್ ದೇವ್ರ್ ಹೇಳುದಿಲ್ಲ, ಮಗಾ. ತಪ್ಪುಕಾಣಿಕಿ ಹಾಕಿ ಮೀನ್ ತಿನ್. ಬದ್ಲಿಗೆ ಬೇರೆ ಎಂತಾರು ಬಿಡ್.”

ಬೆಲ್ಲವೋ ವೀಳ್ಯವೋ ಬಿಡುತ್ತಾಳೆ ಎಂದುಕೊಂಡೆ. ಗುಲಾಬಿ ತುಸು ಯೋಚಿಸಿ, “ಹಂಗಾರೆ ಬಾವು ಇಳೂವರಿಗೆ ಕನ್ನಡಿ ಕಾಂಬ್ದಿಲ್ಲ,” ಎಂದಳು. ಎಷ್ಟು ದಿನ ಕನ್ನಡಿಯೆದುರು ಒಬ್ಬಳೇ ಕುತ್ತಿಗೆ ಸವರಿಕೊಂಡಿದ್ದಳೋ!

ಸಂಜೆ ಹೊತ್ತಿಗೆ ಹೆಮ್ಮಾಡಿ ಮುಟ್ಟಿದೆವು. ಸುದ್ದಿ ಕೇಳಿದ ಅಮ್ಮ ಕೂಡಲೇ ಬಂಗುಡೆ ಸಾರು ಮಾಡಿದಳು. ಗುಲಾಬಿ ಮುಳ್ಳನ್ನೂ ಚೀಪಿ ಚೀಪಿ ಉಂಡಳು. ಕೈ ತೊಳೆದವಳೇ ನನ್ನೆದುರು ಬಂದು, ಗದ್ದ ಎತ್ತಿ ನಿಂತಳು.

“ಅಣ್ಣ, ಕಾಣ್, ಇಳ್ದಿತ್ತಾ?”

ಮನೆಯವರೆಲ್ಲ ನಕ್ಕರು. ನಾನೂ ನಗುತ್ತಲೇ ದೀಪ ಹತ್ತಿರ ತಂದು ನೋಡಿದೆ.